ಡಿಡಿಟಿ ಸಾಹೇಬರ ಜಗಲಿ

ಕಾಗಾಲದ ಕಡೆಯವರೊಬ್ಬರು ಪೇಟೆಯಲ್ಲಿ ಸಿಕ್ಕವರು ಮಾತಿಗೆ ಮಾತು ಬಂದು, ನಿಮ್ಮ ಡಿಡಿಟಿ ಸಾಹೇಬರು ತೀರಿಕೊಂಡರಲ್ಲ, ಗೊತ್ತಾಯಿತೇ ಎಂದರು. ತೊಂಬತ್ತು ದಾಟಿತ್ತಂತೆ. ಬೆಳಿಗ್ಗೆ ಗಂಜಿ ಉಂಡು, ಸ್ವಲ್ಪ ಒರಗುತ್ತೇನೆ ಎಂದು ಮಲಗಿದವರು ಏಳಲಿಲ್ಲವಂತೆ. ಪುಣ್ಯವಂತರ ಸಾವು ಎಂದು ಅವರು ಕೈ ಮುಗಿದರು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸೊಳ್ಳೆಗೆ ಹೊಡೆಯುವ ಆ ಬಿಳಿ ಪುಡಿಯನ್ನು ಬರಿಗೈಯಲ್ಲಿ ಕಲಸುತ್ತ ಅರ್ಧ ಆಯುಷ್ಯ ಕಳೆದವರು ಅವರು. ಮನುಷ್ಯ ಹೆಚ್ಚು ದಿನ ಬದುಕಿದರೆ ಕ್ಯಾನ್ಸರಾದರೂ ಬಂದೇ ಬರಬೇಕಲ್ಲ ಎಂದು ಊರಿಗೆಲ್ಲ ಸಾರಿದವರೂ ಅವರೇ. ಅವರಿಗೆ ಆ ಪುಡಿಯೂ ಏನೂ ಮಾಡಲಿಲ್ಲ, ಆಯುಷ್ಯವೂ ಏನೂ ಮಾಡಲಿಲ್ಲ. ವಾದ ಮಾಡುವವರನ್ನು ಕಂಡರೆ ದೇವರಿಗೂ ಚೇಷ್ಟೆ ಮಾಡುವ ಆಸೆ ಇರಬೇಕು.

ನಾನು ಹೊನ್ನಾವರದ ಕನ್ನಡ ಶಾಲೆಗೆ ಪಾಠ ಹೇಳುವ ಅಕ್ಕೋರಾಗಿ ಬಂದಾಗ ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ಸೇರಿ ಒಂದೆರಡು ವರ್ಷವಾಗಿತ್ತು. ನನ್ನ ಯಜಮಾನರಿಗೆ ತದಡಿ ಬಂದರಿನ ಕಚೇರಿಯಲ್ಲಿ ಕೆಲಸ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುವ ಗಂಡ. ಹಾಗಾಗಿ ಒಂಟಿ ಹೆಂಗಸು ಧೈರ್ಯವಾಗಿ ಇರಬಹುದಾದ ಬಿಡಾರ ಬೇಕಿತ್ತು. ಸಿಕ್ಕಿದ್ದು ಈ ಸಾಹೇಬರ ಮನೆಯ ಅರ್ಧ ಭಾಗ. ಮಧ್ಯೆ ಒಂದು ಗೋಡೆ, ಎದುರಿಗೆ ಇಬ್ಬರಿಗೂ ಒಂದೇ ಜಗಲಿ. ಅವರ ಹೆಂಡತಿ ಮೊದಲ ದಿನವೇ ನನ್ನನ್ನು ತಂಗಿ ಎಂದು ಕರೆದಳು. ಅವಳು ನನಗೆ ಅಕ್ಕನಾದಳು, ಸಾಹೇಬರು ಭಾವನಾದರು.

ಸಾಹೇಬರು ಎಂದರೆ ದೊಡ್ಡ ಅಧಿಕಾರಿ ಎಂದುಕೊಳ್ಳಬೇಡಿ. ಮಲೇರಿಯಾ ಇಲಾಖೆಯಲ್ಲಿ ಔಷಧಿ ಹೊಡೆಯುವವರ ಮೇಲ್ವಿಚಾರಣೆ ಅವರದು. ಖಾಕಿ ಅರ್ಧ ಚಡ್ಡಿ, ಬಿಸಿಲಿಗೆ ಬೆಂದ ಮೊಣಕಾಲು, ತೊಳೆದರೂ ಹೋಗದ ಬಿಳಿ ಕಲೆಯ ಮೊಣಕೈ. ಕಾಲಲ್ಲಿ ಮೆಟ್ಟಿ ಹಿಡಿದು ಕೈಯಲ್ಲಿ ಒತ್ತುವ ಪಂಪು, ಎರಡು ಬಕೆಟ್, ನಾಲ್ಕೈದು ಜನ ಕೂಲಿಗಳು. ಕುಮಟೆಯಿಂದ ಭಟ್ಕಳದವರೆಗೆ ಅವರು ಮೆಟ್ಟಿಲು ಹತ್ತದ ಮನೆ ಇರಲಿಲ್ಲ. ಕೂಲಿಗಳು ಗೋಡೆಯ ನಡುಭಾಗಕ್ಕೆ ಹೊಡೆದು ಮುಂದೆ ಹೋದರೆ, ಮಂಚದ ಅಡಿ, ಕದದ ಹಿಂದೆ, ಅಟ್ಟದ ಮೂಲೆ ಇವೆಲ್ಲ ಸಾಹೇಬರ ಕೈಯಿಂದಲೇ ಆಗಬೇಕು. ಸೊಳ್ಳೆಗೆ ನಮ್ಮಷ್ಟು ಸೋಮಾರಿತನ ಇಲ್ಲ ಎನ್ನುತ್ತಿದ್ದರು.

ಅವರ ಜೀವ ತಿನ್ನುತ್ತಿದ್ದವರು ನಮ್ಮ ಹೆಂಗಸರು. ಔಷಧಿ ಹೊಡೆದ ಗೋಡೆಯನ್ನು ತಿಂಗಳುಗಟ್ಟಲೆ ಮುಟ್ಟಬಾರದು, ಮುಟ್ಟಿದರೆ ಹೊಡೆದದ್ದು ವ್ಯರ್ಥ. ಆದರೆ ಬಿಳಿ ಕಲೆಯ ಗೋಡೆ ಇಟ್ಟುಕೊಂಡು ಚೌತಿ ಮಾಡುವುದು ಹೇಗೆ? ದೀಪಾವಳಿ ಮಾಡುವುದು ಹೇಗೆ? ಸಾಹೇಬರು ಕೈ ಮುಗಿದು, ನೆಲಕ್ಕೆ ಎಷ್ಟು ಬೇಕಾದರೂ ಸಾರಿಸಿ ತಾಯಿ, ಗೋಡೆ ಮಾತ್ರ ಬೇಡ ಎಂದು ಹೇಳುವರು. ಆತು ಎಂದು ಎಲ್ಲರೂ ತಲೆ ಆಡಿಸುವರು. ಇವರು ಓಣಿ ತಿರುಗಿದ್ದೇ ತಡ, ಕೆಮ್ಮಣ್ಣು ಸಗಣಿ ಕಲಸಿದ ಬಾಲ್ದಿ ಹೊರಗೆ ಬರುವುದು. ಅದನ್ನೂ ತಿಳಿದವರೇ ಅವರು. ಕೊಡೆ ಮರೆತೆ ಎಂದು ನೆಪ ಹೇಳಿ ಅರ್ಧ ದಾರಿಯಿಂದ ವಾಪಸು ಬಂದು, ಸಗಣಿ ಕೈಯ ಹೆಂಗಸರನ್ನು ಹಿಡಿಯುತ್ತಿದ್ದರು. ಬೈಯುತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ನಿಮ್ಮ ಮನೆಯಲ್ಲಿ ಚಳಿಜ್ವರಕ್ಕೆ ಹೋದ ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಯಾವ ಮನೆಯಲ್ಲೂ ಉತ್ತರ ಇಲ್ಲದೇ ಇರುತ್ತಿರಲಿಲ್ಲ.

ಭಟ್ಕಳದ ನವಾಯತ ಮುಸ್ಲಿಮರ ಒಂದು ಮನೆಯಲ್ಲಿ ಒಬ್ಬ ಮುದುಕಿ ಎರಡು ಸಲ ಅವರನ್ನು ಬಾಗಿಲಿಂದಲೇ ಕಳಿಸಿದ್ದಳಂತೆ. ಇವರು ಔಷಧಿ ಹೊಡೆದ ಮನೆಯಲ್ಲೆಲ್ಲ ಬೆಕ್ಕು ಸಾಯುತ್ತದೆ ಎಂಬುದು ಅವಳ ಆಕ್ಷೇಪ. ಅದು ಸುಳ್ಳೂ ಅಲ್ಲ, ಬೆಕ್ಕುಗಳು ಸಾಯುತ್ತಿದ್ದವು. ಮೂರನೆಯ ಸಲ, ಮೊಮ್ಮಗ ಜ್ವರದಲ್ಲಿ ನಡುಗುವುದನ್ನು ನೋಡಿದ ಮೇಲೆ, ಅವಳೇ ಮನೆಯ ಹೆಂಗಸರನ್ನು ಹಿಂಬಾಗಿಲಿಂದ ಪಕ್ಕದ ಮನೆಗೆ ಕಳಿಸಿ ಬಾಗಿಲು ತೆರೆದಳಂತೆ. ಆಮೇಲೆ ಪ್ರತಿ ವರ್ಷ ಪರದೆಯ ಆಚೆಯಿಂದ ಒಂದು ಲೋಟ ಶರಬತ್ತು ಬರುತ್ತಿತ್ತು, ಜೊತೆಗೆ ಬೆಕ್ಕಿನ ಬೈಗುಳವೂ. ಈ ಕತೆಯನ್ನು ಭಾವ ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಕೊನೆಗೆ, ಆ ಹುಡುಗ ಈಗ ದೊಡ್ಡವನಾಗಿದ್ದಾನೆ ಎಂದು ಸೇರಿಸುತ್ತಿದ್ದರು.

ಅವರಿಗೆ ದೊಡ್ಡವರಾಗದ ಎರಡು ಮಕ್ಕಳಿದ್ದವು. ಇದನ್ನು ಅವರು ಹೇಳಿದವರಲ್ಲ, ಅಕ್ಕ ಹೇಳಿದ್ದು. ಮೊದಲು ಅವರು ಗೇರಸೊಪ್ಪೆಯ ಕಡೆ ಮರದ ನಾಟಾ ಡಿಪೋದಲ್ಲಿ ಗುಮಾಸ್ತರಾಗಿದ್ದರಂತೆ. ಆ ಕಾಡಿನ ಜ್ವರ ಎರಡು ಮಕ್ಕಳನ್ನೂ ಒಂದೇ ಮಳೆಗಾಲದಲ್ಲಿ ಒಯ್ದಿತು. ಅಕ್ಕನಿಗೂ ಜ್ವರಗಡ್ಡೆ ಬೆಳೆದು ಹೊಟ್ಟೆ ಉಬ್ಬಿ, ಅವಳನ್ನು ಚಾಪೆಯ ಮೇಲೆ ಮಲಗಿಸಿ ದೋಣಿಯಲ್ಲಿ ಕೆಳಗೆ ತಂದಿದ್ದರಂತೆ. ಮುಂಬಯಿ ಸರ್ಕಾರ ಈ ಪುಡಿ ಹೊಡೆಯಲು ಜನ ಬೇಕು ಎಂದಾಗ ಭಾವ ಗುಮಾಸ್ತಿಕೆ ಬಿಟ್ಟು ಪಂಪು ಹಿಡಿದರು. ಜಿಲ್ಲೆಯಲ್ಲಿ ಮೊದಲು ಹೊಡೆಸಿಕೊಂಡ ಮನೆಗಳಲ್ಲಿ ಅವರದೂ ಒಂದು. ಮತ್ತೆ ಮಕ್ಕಳಾಗಲಿಲ್ಲ. ಅಕ್ಕ ಉಳಿದಳು. ಅಷ್ಟು ಸಾಕು ಎಂದು ಅವರು ಅಂದುಕೊಂಡಿದ್ದರು ಎಂದು ನನ್ನ ಊಹೆ.

ಅಕ್ಕನಿಗೆ ಉಳಿದ ಸಂಗಾತಿ ಕವಳ. ನಮ್ಮ ಕಡೆ ಎಲೆ ಅಡಿಕೆ ಹಾಕುವುದಕ್ಕೆ ಕವಳ ಎನ್ನುತ್ತೇವೆ. ಎಲೆ, ಅಡಿಕೆ, ಸುಣ್ಣ, ಅದರ ಜೊತೆಗೆ ಒಂದು ಎಸಳು ಹೊಗೆಸೊಪ್ಪು. ಮಕ್ಕಳು ಹೋದ ಮೇಲೆ ಅವಳಿಗೆ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಎಡಗೆನ್ನೆಯಲ್ಲಿ ಇಟ್ಟುಕೊಂಡೇ ಮಲಗುವಳು, ಬೆಳಿಗ್ಗೆ ಉಗುಳುವಳು. ಭಾವ ತಿರುಗಾಟದಿಂದ ಬರುವಾಗ ಬೇರೆ ಗಂಡಸರು ಹೆಂಡತಿಗೆ ಹೂ ತಂದ ಹಾಗೆ ಕುಮಟೆಯ ಪೇಟೆಯಿಂದ ಒಳ್ಳೆಯ ಹೊಗೆಸೊಪ್ಪು ಆರಿಸಿ ತರುತ್ತಿದ್ದರು. ಮೂಗಿಗೆ ಹಿಡಿದು, ತುದಿ ಮುರಿದು, ಬೆರಳಲ್ಲಿ ತಿಕ್ಕಿ ನೋಡಿಯೇ ಕೊಳ್ಳುವುದು. ಅವಳಿಗೆ ಖಾರ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು ಎಂದು ಅಂಗಡಿಯವನನ್ನು ಸತಾಯಿಸುವುದು. ಅಷ್ಟು ಪ್ರೀತಿ ಮಾಡುವ ಗಂಡಸರು ಆ ಕಾಲದಲ್ಲಿ ಕಡಿಮೆ.

ಸಂಜೆ ನಮ್ಮ ಜಗಲಿ ತುಂಬುತ್ತಿತ್ತು. ಎದುರು ಮನೆಯ ಪಂಡಿತರು, ಅಂದರೆ ನಾಡಿ ನೋಡಿ ಕಷಾಯ ಕೊಡುವ ವೈದ್ಯರು, ಮದ್ದಿನ ಡಬ್ಬಿಗಳನ್ನು ಮುಚ್ಚಿಟ್ಟು ಬರುವರು. ಇನ್ನೂ ನಾಲ್ಕು ಜನ ಸೇರುವರು. ಅಕ್ಕ ಕವಳದ ಹರಿವಾಣವನ್ನು ತಂದು ನಡುವೆ ಇಡುವಳು. ಮನೆಗೆ ಬಂದವರಿಗೆ ಕುಡಿಯಲು ಆಸ್ರಿಗೆ ಕೊಡದಿದ್ದರೂ ನಡೆದೀತು, ಕವಳ ಕೊಡದಿದ್ದರೆ ಬಂದವರನ್ನು ಬೇಡ ಎಂದ ಹಾಗೆ. ಎಲ್ಲರೂ ಒಂದೊಂದು ಕವಳ ಕಟ್ಟಿ ಬಾಯಿಗೆ ಹಾಕಿಕೊಂಡ ಮೇಲೆ ಲೋಕದ ವಿಚಾರ ಸುರು.

ಆ ವರ್ಷಗಳಲ್ಲಿ ಕ್ಯಾನ್ಸರ್ ಎಂಬ ಮಾತು ನಮ್ಮ ಕಡೆ ಹೊಸದಾಗಿ ಓಡಾಡುತ್ತಿತ್ತು. ಕಾಯ್ಕಿಣಿಯಲ್ಲಿ ಒಬ್ಬರಿಗೆ ಗಂಟಲಲ್ಲಿ, ಕಾಸರಕೋಡಿನಲ್ಲಿ ಒಬ್ಬಳಿಗೆ ಎದೆಯಲ್ಲಿ. ಮೊದಲು ಕೆಟ್ಟ ಹುಣ್ಣು ಎಂದು ಸುಮ್ಮನಾಗುತ್ತಿದ್ದ ಜನಕ್ಕೆ ಈಗ ಒಂದು ಹೆಸರು ಸಿಕ್ಕಿತ್ತು. ಪಂಡಿತರದು ಒಂದೇ ಪಟ್ಟು. ಇದು ಹೊಸ ಬದುಕಿನ ಫಲ. ಕುಟ್ಟಿದ ಅಕ್ಕಿ ಬಿಟ್ಟು ಗಿರಣಿ ಅಕ್ಕಿ, ತುಪ್ಪ ಬಿಟ್ಟು ವನಸ್ಪತಿ, ಮಣ್ಣಿನ ಮಡಕೆ ಬಿಟ್ಟು ಅಲ್ಯೂಮಿನಿಯಂ ಪಾತ್ರೆ, ಗದ್ದೆಗೆ ಸರ್ಕಾರಿ ಗೊಬ್ಬರ, ಹೊಟ್ಟೆಗೆ ದಿನಕ್ಕೆ ಐದು ಸಲ ಚಾ. ನಮ್ಮ ಅಜ್ಜಂದಿರಿಗೆ ಈ ರೋಗ ಇತ್ತೇ ಎಂದು ಕೇಳುವರು. ಮಾತಿನ ಕೊನೆಗೆ, ಇನ್ನೂ ಏನೇನು ವಿಷ ಮನೆಯೊಳಗೆ ಬಂದಿದೆಯೋ ಎಂದು ನಮ್ಮ ಗೋಡೆಯ ಕಡೆ ಓರೆಗಣ್ಣಲ್ಲಿ ನೋಡುವರು.

ಭಾವ ಇದಕ್ಕೇ ಕಾದವರಂತೆ ಮುಂದೆ ಬಾಗುವರು. "ಆತು ಪಂಡಿತ್ರೆ, ನಿಮ್ಮ ಅಜ್ಜ ಎಷ್ಟಕ್ಕೆ ಹೋದ್ರು, ಎಂತ ಆಗಿ ಹೋದ್ರು?"

ನಲವತ್ತಕ್ಕೆ, ವಾಂತಿಭೇದಿಯಲ್ಲಿ. ಅಜ್ಜಿ? ಐದನೆಯ ಹೆರಿಗೆಯಲ್ಲಿ. ದೊಡ್ಡಪ್ಪ? ಚಳಿಜ್ವರ. ಹೀಗೆ ಜಗಲಿಯಲ್ಲಿ ಕುಳಿತವರ ವಂಶವನ್ನೆಲ್ಲ ಕೆದಕಿ, ಐವತ್ತು ದಾಟಿದವರೇ ಇಲ್ಲ ಎಂದು ತೋರಿಸುವುದು ಅವರ ಚಟ. ಕ್ಯಾನ್ಸರ್ ಬರುವುದಕ್ಕೂ ಪುರುಸೊತ್ತು ಬೇಕು, ನಿಮ್ಮ ಅಜ್ಜಂದಿರಿಗೆ ಅದಿರಲಿಲ್ಲ ಎನ್ನುವುದು ಅವರ ತೀರ್ಪು. ಆ ಹುಣ್ಣು ಹೊಸದಲ್ಲ, ನಾವು ಹಳಬರಾಗುವುದು ಹೊಸದು. ಮದುವೆ ಮನೆಯಲ್ಲೂ ಪಂಕ್ತಿಯಲ್ಲಿ ಪಕ್ಕ ಕುಳಿತವರಿಗೆ ಇದೇ ಪ್ರಶ್ನೆ ಕೇಳುತ್ತಿದ್ದರು. ಅಪಶಕುನದ ಮನುಷ್ಯ ಎಂದು ಕೆಲವರು ಜಾಗ ಬದಲಿಸಿದ್ದೂ ಉಂಟು.

ಅವರ ಮಾತಲ್ಲಿ ನನಗೆ ಖುಷಿ ಇತ್ತು. ಓದಿದವಳು ನಾನು, ತರ್ಕ ಇಷ್ಟ. ಆದರೆ ಬರೀ ತರ್ಕಕ್ಕಾಗಿ ಅವರು ವಾದಿಸುತ್ತಿರಲಿಲ್ಲ ಎಂಬುದು ನನಗೆ ಬೇಗ ತಿಳಿಯಿತು. ಜನ ಹೆಚ್ಚು ದಿನ ಬದುಕುತ್ತಿದ್ದಾರೆ ಎಂದರೆ ಅದರಲ್ಲಿ ಅವರ ಪಂಪಿನದೂ ಪಾಲು. ಹೊಸ ಬದುಕೇ ವಿಷ ಎಂದಾದರೆ, ಆ ವಿಷವನ್ನು ಮನೆಮನೆಗೆ ಹೊತ್ತವರೂ ಅವರೇ. ಪಂಡಿತರಿಗೆ ಅದು ಸಂಜೆಯ ಹರಟೆ. ಭಾವನಿಗೆ ತಾನು ಬದುಕಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ.

ನಾನು ಬಂದು ಐದಾರು ವರ್ಷವಾಗಿರಬೇಕು, ಅಕ್ಕ ಊಟಕ್ಕೆ ಕುಳಿತಾಗ ಸಾರನ್ನು ಬದಿಗೆ ಸರಿಸತೊಡಗಿದಳು. ಖಾರ ತಾಗಿದರೆ ಉರಿಯುತ್ತದೆ ಎಂದಳು. ಒಡೆದ ಹಲ್ಲೊಂದು ಕೆನ್ನೆಗೆ ತಾಗುತ್ತದೆ, ಅದರದೇ ಗಾಯ ಎಂದು ಎಲ್ಲರೂ ಅಂದುಕೊಂಡೆವು. ಹಲ್ಲುನೋವಿಗೆ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ನೋವಿದ್ದ ಜಾಗಕ್ಕೆ ಹೊಗೆಸೊಪ್ಪನ್ನು ಒತ್ತಿ ಇಟ್ಟಳು. ಜೋಮು ಹಿಡಿದು ನೋವು ಅಡಗುತ್ತಿತ್ತು. ಅಡಗಿದ್ದನ್ನು ನೋಡಿ ಭಾವ ಇನ್ನಷ್ಟು ಖಾರದ ಸೊಪ್ಪು ತಂದರು. ಕುಮಟೆಗೆ ಹೋಗಿ ಹಲ್ಲನ್ನೂ ಕೀಳಿಸಿದ್ದಾಯಿತು. ಹಲ್ಲು ಹೋಯಿತು, ಹುಣ್ಣು ಹೋಗಲಿಲ್ಲ. ಪಂಡಿತರ ತ್ರಿಫಲೆಗೂ ಜಗ್ಗಲಿಲ್ಲ. ಮಳೆಗಾಲ ಮುಗಿಯುವಾಗ ಕೆನ್ನೆ ಹೊರಗಿನಿಂದಲೇ ಗಟ್ಟಿಯಾಗಿ ಕಾಣುತ್ತಿತ್ತು.

ಒಂದು ಸಂಜೆ ಪಂಡಿತರು ಹುಣ್ಣು ನೋಡಿ ಹೊರಗೆ ಬಂದು ಜಗಲಿಯಲ್ಲಿ ಕುಳಿತರು. ದನಿ ತಗ್ಗಿಸಿ ಹೇಳಿದರು. "ಸಾಹೇಬ್ರೆ, ಬೇಜಾರ ಮಾಡ್ಕೊಳ್ಬೇಡಿ. ಎಲ್ಲರಿಗಿಂತ ಮೊದ್ಲು ಆ ಪುಡಿ ಹೊಡ್ದದ್ದು ನಿಮ್ಮ ಮನೆಗೇ ಅಲ್ಲವಾ?"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೆದರಿದ ಮನುಷ್ಯ ಕಾರಣ ಹುಡುಕುತ್ತಾನೆ, ಅವರಿಗೂ ಅಕ್ಕನ ಮೇಲೆ ವಿಶ್ವಾಸ ಇತ್ತು. ಭಾವ ಎದ್ದು ಒಳಗೆ ಹೋದರು. ಅಷ್ಟು ವರ್ಷದಲ್ಲಿ ಅವರು ವಾದ ಬಿಟ್ಟು ಎದ್ದು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಭಾನುವಾರ. ಬೆಳಿಗ್ಗೆ ಗೋಡೆಯ ಆಚೆ ಕೆರೆಯುವ ಸದ್ದು ಕೇಳಿ ಹೋಗಿ ನೋಡಿದೆ. ಭಾವ ತೆಂಗಿನಕಾಯಿ ಗರಟೆ ಹಿಡಿದು ಅಕ್ಕ ಮಲಗುವ ಕೋಣೆಯ ಗೋಡೆಯನ್ನು ಕೆರೆಯುತ್ತಿದ್ದರು. ಕೆಳಗೆಲ್ಲ ಬಿಳಿ ಬೂದಿಯ ಹಾಗೆ ಉದುರಿತ್ತು. ಪಕ್ಕದಲ್ಲಿ ಕೆಮ್ಮಣ್ಣು ಸಗಣಿ ಕಲಸಿದ ಬಾಲ್ದಿ. ಕೆರೆದಲ್ಲೆಲ್ಲ ಕೈಯಲ್ಲೇ ಬಳಿಯುತ್ತ ಹೋದರು. ಗಂಡಸರ ಕೈಗೆ ಬಾರದ ಕೆಲಸ, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಊರ ಹೆಂಗಸರನ್ನೆಲ್ಲ ಕೈ ಮುಗಿದು ತಡೆದ ಮನುಷ್ಯ ಸಗಣಿ ಕೈಯಲ್ಲಿ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಕ್ಕ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು. ಸೊಳ್ಳೆ ಬರುತ್ತದೆ, ಸಾಕು ಬಿಡಿ ಎಂದಳು. ಅವರು ಬಿಡಲಿಲ್ಲ.

ಮಂಗಳೂರಿನ ಕಡೆಯ ದೊಡ್ಡ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗುವಾಗ ನಾನೂ ರಜೆ ಹಾಕಿ ಹೋದೆ. ಲಾಂಚಿನಲ್ಲಿ ಶರಾವತಿ ದಾಟಿ ಬಸ್ಸು ಹಿಡಿದರೆ, ದಾರಿಯಲ್ಲಿ ಇನ್ನೂ ಹೊಳೆಗಳು. ಅಲ್ಲಿಯ ಡಾಕ್ಟರು ವಯಸ್ಸಾದವರು, ಅವಸರ ಇಲ್ಲದವರು. ಅವರು ಅಕ್ಕನ ಬಾಯಿಗೆ ದೀಪ ಬಿಟ್ಟು ನೋಡಿ ಮುಗಿಸುವವರೆಗೂ ಕಾದ ಭಾವ, ರೋಗದ ಹೆಸರನ್ನೂ ಕೇಳಲಿಲ್ಲ. ತಾನು ಯಾರು, ಏನು ಕೆಲಸ, ತನ್ನ ಮನೆಗೆ ಎಷ್ಟು ವರ್ಷದಿಂದ ಔಷಧಿ ಹೊಡೆದಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿ, ಇದು ಅದರಿಂದ ಬಂದದ್ದೋ ಎಂದು ಕೇಳಿದರು. ಅಪರಾಧಿ ಕಟಕಟೆಯಲ್ಲಿ ನಿಂತು ಕೇಳಿದ ಹಾಗಿತ್ತು.

ಆ ಪುಡಿ ಮುಂದೆ ಏನು ಮಾಡೀತೋ ನನಗೆ ಗೊತ್ತಿಲ್ಲ, ಆದರೆ ಈ ಹುಣ್ಣಿಗೆ ಅದನ್ನು ದೂರಲು ಕಾರಣ ಕಾಣುವುದಿಲ್ಲ ಎಂದರು ಡಾಕ್ಟರು. ಹಾಗಾದರೆ ವಯಸ್ಸಿನದೋ ಎಂದರು ಭಾವ. ಇವರಿಗೆ ಐವತ್ತೂ ಆಗಿಲ್ಲವಲ್ಲ, ಇದು ಯಾವ ಮುಪ್ಪು ಎಂದು ಡಾಕ್ಟರು ಅಕ್ಕನ ಕಡೆ ತಿರುಗಿದರು. "ಎಡಗೆನ್ನೆಯಲ್ಲಿ ಎಲೆ ತಂಬಾಕು ಇಟ್ಟುಕೊಂಡು ಮಲಗುವ ಅಭ್ಯಾಸ ಉಂಟಲ್ಲ, ತಾಯಿ?"

ಅಕ್ಕ ತಲೆ ಆಡಿಸಿದಳು. ನಮ್ಮಲ್ಲಿಗೆ ಬಾಯಿಹುಣ್ಣು ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರದು ಇದೇ ಕತೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ಒಂದು ಗಳಿಗೆ ಭಾವನ ಮುಖ ಹಗುರಾಯಿತು. ಪುಡಿ ಅಲ್ಲ. ಅವರ ಪಂಪು ಅಲ್ಲ. ಇಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿದದ್ದು ನನ್ನ ಕಣ್ಣಿಗೇ ಕಂಡಿತು. ಮರುಗಳಿಗೆಗೆ ಅವರ ಬೆರಳುಗಳು ತಾವಾಗಿಯೇ ಒಂದನ್ನೊಂದು ತಿಕ್ಕಿದವು, ಅಂಗಡಿಯಲ್ಲಿ ಸೊಪ್ಪು ತಿಕ್ಕಿ ನೋಡುವ ಹಾಗೆ. ಆಮೇಲೆ ಆ ಮುಖದಲ್ಲಿ ಏನೂ ಉಳಿಯಲಿಲ್ಲ. ಅಕ್ಕ ಅದನ್ನು ನೋಡಿದಳು. ಕೂಡಲೇ ಡಾಕ್ಟರಿಗೆ, ಇದು ನಾನು ಮದುವೆಗೆ ಮೊದಲೇ ತವರುಮನೆಯಲ್ಲಿ ಕಲಿತದ್ದು, ಇವರಿಗೆ ಗೊತ್ತೇ ಇರಲಿಲ್ಲ ಎಂದು ಹೇಳಿದಳು. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ನೋವಿನ ಬಾಯಲ್ಲಿ ಹೇಳಿದವಳನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಹಳೆಯ ಬದುಕೋ ಹೊಸ ಬದುಕೋ ಎಂದು ಆ ಜಗಲಿಯಲ್ಲಿ ಎಷ್ಟು ಸಂಜೆ ಕಳೆದಿದ್ದೆವು. ವಾದಿಸುವವರ ನಡುವೆ ಹರಿವಾಣ ಇತ್ತು. ಅದು ಹೊಸದಲ್ಲ, ಹಾಗಾಗಿ ಪಂಡಿತರ ಕಣ್ಣಿಗೆ ಬೀಳಲಿಲ್ಲ. ಆಯುಷ್ಯದ ಲೆಕ್ಕಕ್ಕೂ ಅದು ಬರಲಿಲ್ಲ, ಹಾಗಾಗಿ ಭಾವನ ಕಣ್ಣಿಗೂ ಬೀಳಲಿಲ್ಲ. ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದ್ದೀತು, ಇವತ್ತಿಗೂ ತಿಳಿದವರು ಅದನ್ನೇ ವಾದಿಸುತ್ತಾರೆ. ಆದರೆ ನಮ್ಮ ಅಕ್ಕನಿಗೆ ಬಂದದ್ದು ಅಜ್ಜಿಯಂದಿರ ಕಾಲದಿಂದ ಬಂದ ಮರ್ಯಾದೆಯ ದಾರಿಯಲ್ಲೇ. ಆ ಹೊಟ್ಟೆಯುರಿ ನನಗೆ ಇನ್ನೂ ಆರಿಲ್ಲ.

ಆಸ್ಪತ್ರೆಯಲ್ಲಿ ಹುಣ್ಣಿಗೆ ಕಿರಣದ ಕರೆಂಟು ಕೊಟ್ಟರು, ಕೆನ್ನೆ ಸುಟ್ಟು ಕಪ್ಪಾಯಿತು, ಹುಣ್ಣು ಜಗ್ಗಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರು. ನೋಡಲು ಬಂದವರಿಗೆ ಭಾವ ಕವಳ ಇಡುವುದನ್ನು ನಿಲ್ಲಿಸಿದರು. ಕಾರಣ ಹೇಳಿದರೆ ಜನ ನಂಬಲಿಲ್ಲ. ನಮ್ಮಜ್ಜಿ ಎಂಬತ್ತರವರೆಗೂ ಹಾಕಿದ್ದಳು, ಏನಾಗಿತ್ತು ಎಂದು ಅವರದೇ ಧಾಟಿಯಲ್ಲಿ ಕೇಳಿದರು. ಹೆಂಡತಿ ಸಾಯುವ ಮೊದಲೇ ಮರ್ಯಾದೆ ಸತ್ತಿತು ಎಂದು ಒಬ್ಬರು ಹೊರಗೆ ಆಡಿದ್ದೂ ಕಿವಿಗೆ ಬಿತ್ತು. ಕ್ರಮೇಣ ಜಗಲಿ ಖಾಲಿಯಾಯಿತು.

ಪಂಡಿತರು ಮಾತ್ರ ಬಿಡಲಿಲ್ಲ. ತಾವಾಡಿದ ಮಾತು ಅವರನ್ನು ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಬಂದು ಅಕ್ಕನ ನಾಡಿ ಹಿಡಿದರು, ಹಿಡಿದದ್ದನ್ನು ಬಿಟ್ಟರು. ನಾನು ಎಳನೀರನ್ನು ಚಮಚದಲ್ಲಿ ಕೊಡುತ್ತಿದ್ದೆ. ಭಾವ ಹಾಸಿಗೆಯ ಬುಡದಲ್ಲಿ ಕುಳಿತಿದ್ದರು. ಪಂಡಿತರು ಸಮಾಧಾನಕ್ಕೆ ಬೇರೆ ಮಾತು ಸಿಗದೆ, ಭಾವನ ಮಾತನ್ನೇ ಭಾವನಿಗೆ ಹೇಳಿದರು. ನೀವು ಹೇಳಿದ್ದೇ ಸರಿ ಸಾಹೇಬರೆ, ಗೇರಸೊಪ್ಪೆಯ ಜ್ವರದಲ್ಲೇ ಹೋಗಬೇಕಾಗಿದ್ದ ಜೀವ, ಮೇಲೆ ಇಷ್ಟು ವರ್ಷ ಬಾಳಿತಲ್ಲ ಎಂದರು. ಗೆದ್ದ ವಾದವನ್ನು ಎದುರಾಳಿಯೇ ತಂದು ಕೈಯಲ್ಲಿಟ್ಟ ಹಾಗಾಯಿತು. ಭಾವ ಅದನ್ನು ಮುಟ್ಟಲಿಲ್ಲ.

ಅಕ್ಕ ಕೈ ಎತ್ತಿದಳು. ಮಾತು ಅರ್ಧ ಬಾಯಲ್ಲಿ ತೊದಲುತ್ತ ಬರುತ್ತಿತ್ತು, ದಿನವೂ ಕೇಳುವ ನಮಗೆ ತಿಳಿಯುತ್ತಿತ್ತು. "ಹೌದು, ಪಂಡಿತ್ರು ಹೇಳೂದು ಖರೆ. ನಾ ಅವತ್ತೇ ಹೋಗೂಕಿತ್ತು. ಆಮೇಲೆ ಸಿಕ್ಕಿದ್ದೆಲ್ಲ ಲಾಭ. ನಂಗೆ ಸಾಕು, ನೀವು ಮನ್ಸಿಗೆ ಹಚ್ಕೊಳ್ಬೇಡಿ."

ಭಾವ ಹಾಸಿಗೆಯ ಬುಡದಿಂದ ಎದ್ದು ಅವಳ ತಲೆಯ ಬಳಿ ಬಂದು ಕುಳಿತರು. ಪಂಡಿತರು ಎದ್ದು ಬಾಗಿಲವರೆಗೆ ಹೋಗಿ ನಿಂತರು.

"ಆ ಮಾತು ಊರವರಿಗೆ ಹೇಳೂಕೆ ಅಡ್ಡಿಲ್ಲ," ಎಂದರು ಭಾವ. "ನಿಂಗೆ ಹೇಳೂಕೆ ಬರೂದಿಲ್ಲ. ಇಷ್ಟು ವರ್ಷ ನಂಗೆ ಸಾಲೂದಿಲ್ಲ."

ಅಕ್ಕ ಕಣ್ಣು ಮುಚ್ಚಿಕೊಂಡಳು. ನಿದ್ದೆ ಹೋದಳು ಎಂದು ನಾನು ಚಮಚ ಕೆಳಗಿಟ್ಟೆ. ಅವಳ ಕಣ್ಣಂಚಿನಿಂದ ನೀರು ಇಳಿದು ಸುಟ್ಟ ಕೆನ್ನೆಯ ಮೇಲೆ ಹರಿಯಿತು. ಒರೆಸಲು ಹೋದ ಭಾವನ ಕೈಯನ್ನು ಅಲ್ಲೇ ಹಿಡಿದು ನಿಲ್ಲಿಸಿ ಅವಳು ಹೇಳಿದಳು.

"ನಂಗೂ ಸಾಲೂದಿಲ್ಲ."